ಮನೆ ನೋಡಿ ಮಣೆ ಹಾಕಿ

"ಮುಖ ನೋಡಿ ಮಣೆ ಹಾಕು" ಎಂಬ ಗಾದೆ ನಮಗೆಲ್ಲ ಗೊತ್ತೇ ಇದೆ. ಹಳೆಯ ಕಾಲದ ಮಂಚ, ಮೇಜು, ಕುರ್ಚಿ, ಪೆಟ್ಟಿಗೆಗಳನ್ನು ಮನೆಗೆ ತರುವವರು ಈ ಗಾದೆಯನ್ನು ಸ್ವಲ್ಪ ತಿರುಗಿಸಿ "ಮನೆ ನೋಡಿ ಮಣೆ ಹಾಕು" ಎಂದು ನೆನಪಿಟ್ಟುಕೊಳ್ಳಬೇಕು. ಈ ಬುದ್ಧಿ ನನಗೆ ತಾನಾಗಿ ಬಂದದ್ದಲ್ಲ. ತಪ್ಪು ಮಾಡಿ, ಅದರ ನೋವನ್ನೂ ತಿಂದ ಮೇಲೆ ಬಂದದ್ದು.

2011ರಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆಮನೆ ಪಾಲಾಯಿತು. ದೊಡ್ಡ ಮನೆ, ತಲೆಮಾರುಗಳ ಸಾಮಾನು. ಯಾರಿಗೆ ಯಾವುದು ಬೇಕೋ ತೆಗೆದುಕೊಳ್ಳಿ ಎಂದರು. ನನ್ನ ಕಣ್ಣು ಬಿದ್ದದ್ದು ನಾಲ್ಕು ಕಂಬದ ಬೀಟೆ ಮಂಚದ ಮೇಲೆ. ತಲೆಯ ಕಡೆ ಹೂಬಳ್ಳಿಯ ಕೆತ್ತನೆ, ಕಪ್ಪಗೆ ಮಿರಿ ಮಿರಿ ಮಿಂಚುವ ಮರ. ಎಲ್ಲಿ ಓರಗಿತ್ತಿಯ ಪಾಲಿಗೆ ಹೋಗಿಬಿಡುತ್ತದೋ ಎಂಬ ಆತುರದಲ್ಲಿ "ಮಂಚ ನಮಗಿರಲಿ" ಅಂದುಬಿಟ್ಟೆ. ಸಣ್ಣಪುಟ್ಟ ಸಾಮಾನನ್ನೆಲ್ಲ ಗುಜರಿಯವನಿಗೆ ಒಟ್ಟಾಗಿ ಕೊಟ್ಟೆವು. ಅದರಲ್ಲಿ ಹಿತ್ತಾಳೆ ಪಟ್ಟಿಯ ಒಂದು ಹಲಸಿನ ಮರದ ಪೆಟ್ಟಿಗೆಯೂ ಇತ್ತು. ಅದಕ್ಕೆ ಅವನು ಕಟ್ಟಿದ ಬೆಲೆ 800 ರೂಪಾಯಿ.

ಶಿವಮೊಗ್ಗದಲ್ಲಿ ನಾವಿದ್ದದ್ದು ಮಹಡಿ ಮೇಲಿನ ಬಾಡಿಗೆ ಮನೆ. ಕಂಬಗಳನ್ನೇನೋ ಬಿಚ್ಚಿ ಮೇಲೆ ಒಯ್ದರು. ಆದರೆ ತಲೆಯ ಕಡೆಯ ಕೆತ್ತನೆ ಹಲಗೆ ಒಂದೇ ತುಂಡು. ಅದು ಮೆಟ್ಟಿಲಿನ ತಿರುವಿನಲ್ಲಿ ಎಷ್ಟು ಹೊರಳಿಸಿದರೂ ತಿರುಗಲಿಲ್ಲ! ಕೊನೆಗೆ ಇಡೀ ಮಂಚ ಮನೆ ಮಾಲೀಕರ ಕೆಳಗಿನ ಶೆಡ್ಡು ಸೇರಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೆದ್ದಲು ಹತ್ತಿತು. ಬೀಟೆಯ ಕಂಬಗಳಿಗೆ ಏನೂ ಆಗಲಿಲ್ಲ. ಅಡಿಗೆ ಹಾಕಿದ್ದ ಕಾಡುಮರದ ಹಲಗೆಗಳು ಮಾತ್ರ ಮುಟ್ಟಿದರೆ ಪುಡಿ.

ನಮ್ಮ ಜೊತೆಗೇ ಬಂದಿದ್ದ ಅತ್ತೆಯವರು ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಕೇಳಿದರು: "ನನ್ನ ಪೆಟ್ಟಿಗೆ ಯಾವ ಕೋಣೇಲಿ ಇಟ್ಟಿದೀಯೆ ಮಾರಾಯ್ತಿ? ಕಾಣ್ತಾನೇ ಇಲ್ವಲ್ಲ."

ಅದು ಅವರು ಮದುವೆಯಾಗಿ ಬಂದಾಗ ತವರಿನಿಂದ ತಂದ ಪೆಟ್ಟಿಗೆಯಂತೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಮೂರಡಿ ಉದ್ದದ ಆ ಪೆಟ್ಟಿಗೆ ನಮ್ಮ ಮನೆಯ ಕಿಟಕಿಯ ಕೆಳಗೆ ಅಚ್ಚುಕಟ್ಟಾಗಿ ಕೂರುತ್ತಿತ್ತು. ಗುಜರಿಯವನನ್ನು ಹುಡುಕಿಕೊಂಡು ಹೋದೆವು. ಪೆಟ್ಟಿಗೆ ಆಗಲೇ ಕೈ ದಾಟಿ ಹೋಗಿತ್ತು. ಅತ್ತೆಯವರು "ಹೋಗ್ಲಿ ಬಿಡು" ಎಂದರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಈಗೀಗ ಹಳೆಯ ಸಾಮಾನಿಗೆ ಮತ್ತೆ ಕಾಲ ಬಂದಿದೆ. ಕೊಳ್ಳುವವರೂ ಹೆಚ್ಚು, ಮಾರುವವರೂ ಹೆಚ್ಚು. ನನ್ನ ಹಾಗೆ ಯಾರೂ ಮೋಸ ಹೋಗದಿರಲಿ ಎಂದು, ಅಂದಿನಿಂದ ನಾನು ಆಚಾರಿಗಳಿಂದ, ಅಂಗಡಿಯವರಿಂದ, ಹಿರಿಯರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆಯನ್ನು ಅಳೆಯಿರಿ

ಅಂಗಡಿಗೆ ಹೋಗುವ ಮುಂಚೆ ಅಳತೆಪಟ್ಟಿ ಹಿಡಿದು ಮನೆ ಸುತ್ತಿ. ಬಾಗಿಲಿನ ಅಗಲ, ಮೆಟ್ಟಿಲಿನ ಅಗಲ, ಮುಖ್ಯವಾಗಿ ಮೆಟ್ಟಿಲು ತಿರುಗುವ ಜಾಗ, ಸೂರಿನ ಎತ್ತರ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಳೆಯ ಬೀರುಗಳು ಎತ್ತರದ ಸೂರಿನ ಮನೆಗೆಂದು ಮಾಡಿದವು. ಏಳು ಅಡಿ ಬೀರು ಇಂದಿನ ಹತ್ತಡಿ ಕೋಣೆಯಲ್ಲಿ ನಿಂತರೆ ಆನೆಯನ್ನು ಹಟ್ಟಿಯಲ್ಲಿ ಕಟ್ಟಿದ ಹಾಗೆ ಕಾಣುತ್ತದೆ.

ಒಂದು ಸುಲಭ ಉಪಾಯ ಹೇಳುತ್ತೇನೆ. ಕೊಳ್ಳಬೇಕೆಂದಿರುವ ಸಾಮಾನಿನ ಉದ್ದ ಅಗಲಕ್ಕೆ ಸರಿಯಾಗಿ ಹಳೆಯ ದಿನಪತ್ರಿಕೆಗಳನ್ನು ನೆಲದ ಮೇಲೆ ಹಾಸಿ, ಅಂಟಿಸಿ ಎರಡು ದಿನ ಬಿಡಿ. ಕಸ ಗುಡಿಸುವಾಗ, ಬಟ್ಟೆ ಒಯ್ಯುವಾಗ, ರಾತ್ರಿ ನೀರಿಗೆಂದು ಏಳುವಾಗ ಎಷ್ಟು ಸಲ ಅದನ್ನು ತುಳಿದಿರಿ ನೋಡಿ. ಸುತ್ತ ಓಡಾಡಲು ಎರಡು, ಎರಡೂವರೆ ಅಡಿ ಉಳಿಯದಿದ್ದರೆ ಆ ಸಾಮಾನು ನಿಮ್ಮ ಮನೆಯದಲ್ಲ. ಕಾಲು ಚಾಚುವ ಮೊದಲು ಹಾಸಿಗೆ ನೋಡಿಕೊಳ್ಳಬೇಕು ಅಲ್ಲವೇ?

ಸಣ್ಣ ಮನೆಗೆ ನನ್ನ ಸಲಹೆ ಇಷ್ಟೆ: ಒಂದು ಕೋಣೆಗೆ ಹಳೆಯದಾದ ದೊಡ್ಡ ಸಾಮಾನು ಒಂದೇ ಸಾಕು. ಉಳಿದದ್ದು ಸಾದಾ ಇರಲಿ. ಎಲ್ಲವೂ ಹಳೆಯದಾದರೆ ಮನೆ ವಸ್ತುಸಂಗ್ರಹಾಲಯ ಆಗಿಬಿಡುತ್ತದೆ.

ಯಾವ ಮನೆಗೆ ಯಾವುದು?

ಪೆಟ್ಟಿಗೆ: ಸಣ್ಣ ಮನೆಗೆ ಇದರಷ್ಟು ಒದಗುವ ವಸ್ತು ಬೇರೊಂದಿಲ್ಲ. ಒಳಗೆ ಹೊದಿಕೆ, ರೇಷ್ಮೆ ಸೀರೆ. ಮೇಲೆ ಒಂದು ತೆಳು ಹಾಸಿಗೆ ಹಾಕಿದರೆ ಇಬ್ಬರು ಕೂರಬಹುದು. ಮುಚ್ಚಳ ಮಾತ್ರ ಭಾರ. ಮಕ್ಕಳ ಬೆರಳು ಸಿಕ್ಕದಂತೆ ಒಂದು ಸರಪಳಿ ಅಥವಾ ಆಸರೆ ಹಾಕಿಸಿ.

ಶಾನುಭೋಗರ ಡೆಸ್ಕು: ನೆಲದ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಪುಟ್ಟ ಡೆಸ್ಕು. ಮಕ್ಕಳ ಓದಿಗೆ, ಹಿರಿಯರ ಪಾರಾಯಣಕ್ಕೆ ಬಹಳ ಚೆನ್ನ. ಬೇಡವಾದಾಗ ಮಂಚದ ಕೆಳಗೆ ತಳ್ಳಿಬಿಡಬಹುದು.

ಜಾಲರಿ ಬೀರು: ಫ್ರಿಜ್ ಬರುವ ಮುಂಚೆ ಹಾಲು, ಮೊಸರು, ಉಳಿದ ಅಡುಗೆ ಇಡುತ್ತಿದ್ದದ್ದು ಇದರಲ್ಲಿ. ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುತ್ತಿದ್ದರು. ಗಾಳಿ ಆಡುವುದರಿಂದ ಈರುಳ್ಳಿ, ಆಲೂಗಡ್ಡೆ, ಹಣ್ಣು ಇಡಲು ಇಂದಿಗೂ ತಕ್ಕದ್ದು.

ಆರಾಮ ಕುರ್ಚಿ: ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ಬಂಗಲೆಗಳಲ್ಲಿ ಇರುವಂಥದ್ದು. ಬೆತ್ತದ ಹೆಣಿಗೆ, ಕಾಲು ಚಾಚಲು ಉದ್ದನೆಯ ಕೈಗಳು. ಅದಕ್ಕೆ ಅಗಲ ಜಗಲಿ ಬೇಕು. ಹಜಾರದಲ್ಲಿ ಹಾಕಿದರೆ ದಾರಿಗೆ ಅಡ್ಡ.

ಉಯ್ಯಾಲೆ: ತೂಗುಮಣೆಯ ಆಸೆ ಯಾರಿಗಿಲ್ಲ! ಹಳೆಯ ಮನೆಯಲ್ಲಿ ದಪ್ಪ ತೊಲೆಗೆ ಸರಪಳಿ ಹಾಕುತ್ತಿದ್ದರು. ತಾರಸಿ ಮನೆಯಲ್ಲಿ ಕಾಂಕ್ರೀಟು ಹಾಕುವಾಗಲೇ ಕೊಂಡಿ ಕೂರಿಸಿದ್ದರೆ ಸರಿ. ಇಲ್ಲವಾದರೆ ಇಂಜಿನಿಯರನ್ನು ಕೇಳದೆ ತೂತು ಕೊರೆಸಬೇಡಿ. ಹಿಂದೆ ಮುಂದೆ ತೂಗಲು ಜಾಗವೂ ಬೇಕು, ಗೋಡೆಗೆ ಬಡಿಯಬಾರದು.

ಕೂರುವವರು ಯಾರು?

ಇದನ್ನು ಎಷ್ಟೋ ಜನ ಮರೆಯುತ್ತಾರೆ. ಆರಾಮ ಕುರ್ಚಿ ನೋಡಲು ಚೆಂದ. ಆದರೆ ಅದು ತಗ್ಗು, ಬೆನ್ನು ಹಿಂದಕ್ಕೆ ವಾಲುತ್ತದೆ. ಮಂಡಿನೋವಿನವರು ಒಮ್ಮೆ ಕೂತರೆ ಇನ್ನೊಬ್ಬರು ಕೈಕೊಟ್ಟು ಎಬ್ಬಿಸಬೇಕು. ವಯಸ್ಸಾದವರಿಗೆ ನೆಟ್ಟಗಿನ ಬೆನ್ನಿನ, ಗಟ್ಟಿ ಕೈಗಳಿರುವ ಕುರ್ಚಿಯೇ ಒಳ್ಳೆಯದು. ಕೂರುವ ಜಾಗ ನೆಲದಿಂದ ಸುಮಾರು 17, 18 ಅಂಗುಲ ಎತ್ತರವಿರಲಿ. ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕು, ಕೈಗೆ ಭಾರ ಕೊಟ್ಟು ಏಳುವಂತಿರಬೇಕು. ಊಟದ ಮೇಜಾದರೆ ಎತ್ತರ 29, 30 ಅಂಗುಲ. ಹಳೆಯ ಮೇಜಿಗೂ ಹೊಸ ಕುರ್ಚಿಗೂ ಜೋಡಿ ಮಾಡುವವರು ಈ ಅಳತೆ ನೋಡಿಕೊಳ್ಳಲೇಬೇಕು.

ಅಂಗಡಿಯಲ್ಲಿ ನಾಚಿಕೆ ಬೇಡ. ಕೂತು ನೋಡಿ, ಒರಗಿ ನೋಡಿ, ಎದ್ದು ನೋಡಿ. ಸಾಧ್ಯವಾದರೆ ಯಾರಿಗಾಗಿ ಕೊಳ್ಳುತ್ತೀರೋ ಅವರನ್ನೇ ಕರೆದುಕೊಂಡು ಹೋಗಿ.

ಮರ ಯಾವುದು?

ಬೀಟೆ: ಕಂದು, ಸ್ವಲ್ಪ ನೇರಳೆ ಛಾಯೆ, ನಡುನಡುವೆ ಕಪ್ಪು ಗೆರೆ. ಎತ್ತಿದರೆ ಕೈ ಸೋಲುವಷ್ಟು ಭಾರ. ಹಗುರಾದ ಕಪ್ಪು ಕುರ್ಚಿಯನ್ನು ಬೀಟೆ ಎಂದು ಹೇಳಿದರೆ ನಂಬಬೇಡಿ, ಅದು ಬಣ್ಣದ ಮಹಿಮೆ.

ತೇಗ: ಹೊಂಬಣ್ಣದ ಕಂದು. ಮುಟ್ಟಿದರೆ ಸ್ವಲ್ಪ ಎಣ್ಣೆ ಜಿಡ್ಡು ಇದ್ದಂತೆ. ಒಂದು ಕಾಲದಲ್ಲಿ ಬರ್ಮಾದಿಂದ ಹಡಗಿನಲ್ಲಿ ಬಂದ ತೇಗ ದಕ್ಷಿಣದ ಎಷ್ಟೋ ದೊಡ್ಡ ಮನೆಗಳನ್ನು ಸೇರಿದೆ.

ಹಲಸು: ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕೆಂಪು ಕಂದು. ಕರಾವಳಿ, ಮಲೆನಾಡಿನ ಪೆಟ್ಟಿಗೆ, ಮಣೆ, ಬಾಗಿಲುಗಳಲ್ಲಿ ಹೆಚ್ಚು. ಬೆಲೆಯಲ್ಲಿ ಬೀಟೆಗಿಂತ ಕಡಿಮೆ, ಬಾಳಿಕೆಯಲ್ಲಿ ನಾಚಬೇಕಾದ್ದಿಲ್ಲ.

ಯಾವ ಮರವಾದರೂ ನಡುವಿನ ಚೇಗು ಭಾಗವೇ ಗಟ್ಟಿ. ಹೊರಭಾಗದ ಬಿಳಿ ಮರಕ್ಕೆ ಹುಳ ಬೇಗ ಹತ್ತುತ್ತದೆ. ಆದ್ದರಿಂದ ಎದುರಿನ ಹೊಳಪಿಗೆ ಮರುಳಾಗದೆ ಹಿಂಬದಿ, ಅಡಿಭಾಗ, ಖಾನೆಯ ಒಳಗನ್ನು ನೋಡಿ.

ನಿಜವಾಗಿಯೂ ಹಳೆಯದೇ?

ಹೊಸ ಮರಕ್ಕೆ ಕಪ್ಪು ಬಣ್ಣ ಬಳಿದು, ಸರಪಳಿಯಲ್ಲಿ ಹೊಡೆದು ಗಾಯ ಮಾಡಿ "ನೂರು ವರ್ಷದ್ದಮ್ಮಾ" ಎಂದು ಮಾರುವವರಿದ್ದಾರೆ. ಕೆಲವು ಪರೀಕ್ಷೆಗಳನ್ನು ನಾವೇ ಮಾಡಬಹುದು.

ಮೇಜನ್ನು ಬಗ್ಗಿ ನೋಡಿ, ಅಡಿಯಲ್ಲಿ ಅಂಗೈ ಆಡಿಸಿ. ಕೈ ಉಜ್ಜುಗೊರಡಿನಲ್ಲಿ ಹತ್ತಿದ ಹಲಗೆ ಸಣ್ಣ ಅಲೆಗಳಂತೆ ಏರಿಳಿತ ತೋರುತ್ತದೆ. ಯಂತ್ರದ ಹಲಗೆ ಗಾಜಿನಂತೆ ಸಮ.

ದುಂಡು ಮೇಜಿಗೆ ಒಂದು ದಾರ ಸಾಕು. ಮರ ಒಣಗಿದಂತೆ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಕುಗ್ಗುತ್ತದೆ. ಹೀಗಾಗಿ ಹಳೆಯ ದುಂಡು ಮೇಜು ಪೂರ್ತಿ ದುಂಡಗಿರುವುದಿಲ್ಲ. ಎರಡು ದಿಕ್ಕಿನಲ್ಲಿ ದಾರ ಹಿಡಿದರೆ ಸ್ವಲ್ಪ ವ್ಯತ್ಯಾಸ ಸಿಗುತ್ತದೆ.

ಖಾನೆಯನ್ನು ಪೂರ್ತಿ ಹೊರಗೆಳೆದು ಮೂಲೆ ನೋಡಿ. ಹಳೆಯ ಕೆಲಸದಲ್ಲಿ ಪಾರಿವಾಳದ ಬಾಲದ ಹಾಗೆ ಕೊರೆದ ಹಲ್ಲುಗಳು ಒಂದರೊಳಗೊಂದು ಕೂತಿರುತ್ತವೆ. ಕೈಯಲ್ಲಿ ಕೊರೆದದ್ದಾದರೆ ಹಲ್ಲುಗಳು ಒಂದೇ ಸಮ ಇರುವುದಿಲ್ಲ. ಕುರ್ಚಿಯ ಸೇರುವೆಗಳಲ್ಲಿ ಮೊಳೆಗೆ ಬದಲು ಮರದ ಬೆಣೆ ಕಾಣುತ್ತದೆ.

ಸ್ಕ್ರೂ ತಲೆಯ ಮೇಲೆ ಕೂಡುವ ಗುರುತಿನ ಸೀಳಿದೆಯೇ? ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ನೂರೈವತ್ತು ವರ್ಷದ ಕುರ್ಚಿಯಲ್ಲಿ ಅದು ಇದ್ದರೆ ಒಂದೋ ರಿಪೇರಿ ಆಗಿದೆ, ಇಲ್ಲವೇ ಮಾತು ಸುಳ್ಳು.

ಸವೆತ ಎಲ್ಲಿದೆ ಎಂಬುದನ್ನೂ ನೋಡಿ. ಅಂಗೈ ಊರುವ ಜಾಗ, ಪಾದ ಇಡುವ ಅಡ್ಡಪಟ್ಟಿ, ಹಿಡಿಕೆಯ ಸುತ್ತ ಸವೆದಿದ್ದರೆ ಅದು ಮನುಷ್ಯರು ಬಳಸಿದ ಗುರುತು. ಕೈ ಹೋಗದ ಜಾಗವೂ ಸವೆದಿದ್ದರೆ ಅನುಮಾನಪಡಿ.

ಹುಳದ ಭಯ

ಸಣ್ಣ ತೂತುಗಳಿದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಹುಳ ಎಂದೋ ಹೊರಟುಹೋಗಿರಬಹುದು. ಸಾಮಾನಿನ ಕೆಳಗೆ ಒಂದು ಕಪ್ಪು ಬಟ್ಟೆ ಹಾಸಿ ವಾರ ಬಿಡಿ. ಮೈದಾಹಿಟ್ಟಿನಂಥ ಹೊಸ ಪುಡಿ ಉದುರಿದ್ದರೆ ಹುಳ ಜೀವಂತವಾಗಿದೆ. ಆಚಾರಿಯನ್ನು ಕರೆಸಿ ತೂತುಗಳಿಗೆ ಸೂಜಿಯಲ್ಲಿ ಔಷಧಿ ಹಾಕಿಸಿ. ಅದು ವಿಷ. ಅಡುಗೆಮನೆಯಿಂದ, ಮಕ್ಕಳಿಂದ ದೂರ, ಗಾಳಿಯಾಡುವ ಕಡೆ ಮಾಡಿಸಿ. ಹುಳ ಇರುವ ಸಾಮಾನನ್ನು ಬೇರೆ ಮರದ ಪಕ್ಕ ಇಡಬೇಡಿ. ಕರಾವಳಿಯಲ್ಲಿ ಗೆದ್ದಲಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ವಾಡಿಕೆಯಿದೆ. ಅದು ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ, ಜೋಕೆ.

ಮಕ್ಕಳಿರುವ ಮನೆಗೆ

ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ನಮ್ಮ ನಾಡಿನ ಹೆಮ್ಮೆ. ಅಂಥ ಹಳೆಯ ತೊಟ್ಟಿಲು ಮನೆಯಲ್ಲಿದ್ದರೆ ಪುಣ್ಯ. ಆದರೆ ಮಗುವನ್ನು ಯಾವುದೇ ಹಳೆಯ ತೊಟ್ಟಿಲಿಗೆ ಹಾಕುವ ಮೊದಲು ಪಟ್ಟಿಗಳ ನಡುವಿನ ಸಂದು ನೋಡಿ. ಎರಡು ಅಂಗುಲ, ಹೆಚ್ಚೆಂದರೆ ಎರಡೂಕಾಲು ಅಂಗುಲಕ್ಕಿಂತ ಅಗಲವಿದ್ದರೆ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ.

ಇನ್ನು ಎಣ್ಣೆಬಣ್ಣ ಬಳಿದ ಹಳೆಯ ಸಾಮಾನುಗಳ ಮಾತು. ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ನಮ್ಮಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ ಬಿಗಿಯಾದ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಚಕ್ಕೆ ಏಳುತ್ತಿರುವ ಹಳೆಯ ಬಣ್ಣವನ್ನು ಮನೆಯೊಳಗೆ ಕೆರೆಯಬೇಡಿ, ಆ ಪುಡಿ ಮಕ್ಕಳ ಬಾಯಿಗೆ ಹೋಗಬಾರದು.

ಕಾನೂನಿನ ಎರಡು ಮಾತು

1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕುಶಲತೆಯ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಅಮೆರಿಕದ ಮಗನ ಮನೆಗೆ ಅಜ್ಜಿಯ ಪೆಟ್ಟಿಗೆ ಕಳಿಸಬೇಕೆನ್ನುವವರು ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ಬೀಟೆ ಮರದ ಸಾಗಣೆಗೂ 2017ರಿಂದ ಅಂತರರಾಷ್ಟ್ರೀಯ ನಿಯಮ ಬಂದಿದೆ.

ಮೈಸೂರಿನ ಬೀಟೆ ಕೆತ್ತನೆಯ ಸಾಮಾನಿನಲ್ಲಿ ಹಿಂದೆ ಆನೆದಂತ ಕೂರಿಸುತ್ತಿದ್ದರು. ಈಗ ಆನೆದಂತದ ವ್ಯಾಪಾರಕ್ಕೆ ನಿಷೇಧವಿದೆ. ಎಷ್ಟೇ ಚೆಂದವಿದ್ದರೂ ದಂತ ಕೂರಿಸಿದ್ದನ್ನು ಕೊಳ್ಳಬೇಡಿ.

ಎಲ್ಲಿ ಹುಡುಕಬೇಕು?

ಬೆಂಗಳೂರಿನ ಶಿವಾಜಿನಗರದ ಹಳೆಯ ಸಾಮಾನಿನ ಅಂಗಡಿಗಳು, ತಮಿಳುನಾಡಿನ ಚೆಟ್ಟಿನಾಡಿನ ಕಾರೈಕುಡಿ, ಕೊಚ್ಚಿಯ ಮಟ್ಟಾಂಚೇರಿ ಇವೆಲ್ಲ ಹೆಸರಾದ ಜಾಗಗಳು. ಆದರೆ ನಮ್ಮಂಥ ಸಣ್ಣ ಊರಿನವರಿಗೆ ಹತ್ತಿರದ ದಾರಿ ಬೇರೆ ಇದೆ. ಹಳೆಯ ಮನೆ ಕೆಡವಿದ ಸಾಮಾನು ಮಾರುವವರಲ್ಲಿ, ಊರಿನ ಆಚಾರಿಯಲ್ಲಿ, ನೆಂಟರ ಅಟ್ಟದಲ್ಲಿ ಕೇಳಿ ನೋಡಿ. ಕೊಳ್ಳುವ ಮುಂಚೆ ಕಣ್ಣು ಪಳಗಬೇಕಾದರೆ ಮಣಿಪಾಲದ ಹಸ್ತಶಿಲ್ಪ ಗ್ರಾಮಕ್ಕೆ ಒಮ್ಮೆ ಹೋಗಿಬನ್ನಿ. ವಿಜಯನಾಥ ಶೆಣೈಯವರು ಅಳಿದು ಹೋಗುತ್ತಿದ್ದ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಅಲ್ಲಿ ನಿಲ್ಲಿಸಿದ್ದಾರೆ. ಯಾವ ಸಾಮಾನು ಮನೆಯ ಯಾವ ಜಾಗದಲ್ಲಿ ಇರುತ್ತಿತ್ತು ಎಂಬುದು ತಿಳಿಯುತ್ತದೆ.

ಬೆಲೆ ಕೇಳುವಾಗ ಸಾಗಣೆ, ರಿಪೇರಿ, ಪಾಲಿಶು ಮೂರನ್ನೂ ಸೇರಿಸಿ ಲೆಕ್ಕ ಹಾಕಿ. ಕೆಲವೊಮ್ಮೆ ಕುರ್ಚಿಗಿಂತ ಬೆತ್ತ ಹೆಣೆಸುವ ಖರ್ಚೇ ಹೆಚ್ಚಾಗುವುದುಂಟು.

ತಂದ ಮೇಲೆ ಆರೈಕೆ

* ಹಳೆಯ ಪಾಲಿಶು ಬಹುಮಟ್ಟಿಗೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಳಿದದ್ದು. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ. ನುಣ್ಣಗೆ ಜರಡಿ ಹಿಡಿದ ಬೂದಿಯನ್ನು ಎರಡು ಹನಿ ಎಣ್ಣೆಯಲ್ಲಿ ಕಲಸಿ ಮೃದುವಾಗಿ ತಿಕ್ಕಿದರೆ ಕಲೆ ತೆಳುವಾಗುತ್ತದೆ.
* ಹಿತ್ತಾಳೆ ಹಿಡಿಕೆಗೆ ಹುಣಸೆಹುಳಿ ಸರಿಯೇ. ಆದರೆ ಮರಕ್ಕೆ ತಾಗದಂತೆ ಸುತ್ತ ರಟ್ಟು ಹಿಡಿದು ಉಜ್ಜಿ, ಕೂಡಲೇ ಒರೆಸಿ.
* ಖಾನೆ ಬಿಗಿಯಾದರೆ ಓಡುವ ಪಟ್ಟಿಗೆ ಮೇಣದಬತ್ತಿ ತಿಕ್ಕಿ.
* ಮುಗ್ಗಲು ವಾಸನೆಗೆ ನೆರಳಿನ ಗಾಳಿ, ಒಳಗೆ ಒಂದು ಬಟ್ಟಲು ಇದ್ದಿಲು.
* ಜೋತುಬಿದ್ದ ಬೆತ್ತದ ಹೆಣಿಗೆಗೆ ಕುರ್ಚಿ ಮಗುಚಿ, ಕೆಳಗಡೆಯಿಂದ ಬಿಸಿನೀರಿನ ಬಟ್ಟೆ ಒತ್ತಿ ನೆನೆಸಿ ಒಣಗಲು ಬಿಡಿ. ಬೆತ್ತ ಹರಿದಿಲ್ಲದಿದ್ದರೆ ಬಿಗಿದುಕೊಳ್ಳುತ್ತದೆ.
* ಕಾಲುಗಳ ಕೆಳಗೆ ರಬ್ಬರು ಬಿಲ್ಲೆ ಹಾಕಿ. ನೆಲ ಒರೆಸುವ ನೀರು ಮರ ಕುಡಿಯಬಾರದು.

ಮಾರುವ ಮುನ್ನ ಕೇಳಿ

ಕೊಳ್ಳುವುದಕ್ಕೆ ಇಷ್ಟೆಲ್ಲ ಹೇಳಿದೆ. ಮಾರುವುದಕ್ಕೆ ಒಂದೇ ಮಾತು. ಮನೆಯ ಹಿರಿಯರನ್ನು, ಅದರಲ್ಲೂ ಹೆಂಗಸರನ್ನು ಕೂರಿಸಿಕೊಂಡು ಒಂದೊಂದು ಸಾಮಾನಿನ ಮುಂದೆಯೂ "ಇದು ಯಾರದ್ದು?" ಎಂದು ಕೇಳಿ. ಪಾಲುಪಟ್ಟಿಯಲ್ಲಿ ಗಂಡಸರ ಹೆಸರಿರುತ್ತದೆ, ಪೆಟ್ಟಿಗೆಯ ಹೆಸರಿರುವುದಿಲ್ಲ.

ಕೊನೆಗೆ ನಮ್ಮ ಮಂಚದ ಕಥೆ. ಭಾವನವರು ಊರಿನಲ್ಲಿ ಅಗಲವಾದ ಮನೆ ಕಟ್ಟಿದಾಗ ನಾನೇ ಓರಗಿತ್ತಿಗೆ ಫೋನು ಮಾಡಿ "ಮಂಚ ನಿಮ್ಮಲ್ಲೇ ಇರಲಿ ಅಕ್ಕಾ" ಎಂದೆ. ಅವರ ಆಚಾರಿ ಹೊಸ ಹಲಗೆ ಹಾಕಿ ನಿಲ್ಲಿಸಿದರು. ಆ ಕೋಣೆಗೆ ಅದು ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಒಪ್ಪಿದೆ. ಬದಲಿಗೆ ಅವರು ಅಟ್ಟದಲ್ಲಿ ಬೆತ್ತ ಹರಿದು ಬಿದ್ದಿದ್ದ ಒಂದು ಸಾದಾ ಕೈಕುರ್ಚಿ ಕೊಟ್ಟರು. ಕೆತ್ತನೆಯಿಲ್ಲ, ಹೊಳಪಿಲ್ಲ. ಅಳೆದೆ: ಹದಿನೆಂಟು ಅಂಗುಲ.

ಬೆತ್ತ ಹೆಣೆಸಿ ಕಿಟಕಿಯ ಪಕ್ಕ ಹಾಕಿದೆವು. ಅತ್ತೆಯವರು 2018ರಲ್ಲಿ ತೀರಿಕೊಳ್ಳುವವರೆಗೂ ಬೆಳಗಿನ ಕಾಫಿ ಅದರಲ್ಲೇ. ಯಾರ ಕೈಯನ್ನೂ ಹಿಡಿಯದೆ ಕೂರುತ್ತಿದ್ದರು, ಏಳುತ್ತಿದ್ದರು. ಪೆಟ್ಟಿಗೆಯ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ಈಗಲೂ ಹಳೆಯ ಸಾಮಾನಿನ ಅಂಗಡಿಗೆ ಹೋದರೆ ಹಿತ್ತಾಳೆ ಪಟ್ಟಿಯ ಹಲಸಿನ ಪೆಟ್ಟಿಗೆ ಕಂಡಲ್ಲೆಲ್ಲ ನಿಂತು ಮುಚ್ಚಳ ತೆರೆದು ನೋಡುತ್ತೇನೆ.